ಮುತ್ತಮ್ಮ ಬರೆದುಕೊಟ್ಟ ಮುಚ್ಚಳಿಕೆ

ರಾಯಭಾರ ಗಂಡಸರ ಕೆಲಸ ಎಂದು ಯಾರಾದರೂ ಅಂದರೆ ನನಗೆ ನಗು ಬರುತ್ತದೆ. ರಾಯಭಾರಿ ಮಾಡುವುದಾದರೂ ಏನು? ಮುನಿಸಿಕೊಂಡವರ ಮನೆಗೂ ಹೋಗಿಬರುವುದು, ಆಡಿದ ಮಾತಿಗಿಂತ ಆಡದೆ ನುಂಗಿದ್ದನ್ನು ಹೆಚ್ಚು ಗಮನಿಸುವುದು, ಜಗಳವಾದರೂ ಬಾಗಿಲು ಪೂರ್ತಿ ಮುಚ್ಚದಂತೆ ನೋಡಿಕೊಳ್ಳುವುದು. ಅತ್ತೆಮನೆ, ತವರುಮನೆಗಳ ನಡುವೆ ನಾವು ಇದನ್ನೇ ಭತ್ಯೆಯಿಲ್ಲದೆ ಮಾಡುತ್ತ ಬಂದಿಲ್ಲವೇ?

ಆದರೆ ನಮ್ಮ ಸರಕಾರಕ್ಕೆ ಹಾಗನ್ನಿಸಲಿಲ್ಲ. ಕೊಡಗಿನ ವಿರಾಜಪೇಟೆಯ ಚೋನಿರ ಬೆಳ್ಳಿಯಪ್ಪ ಮುತ್ತಮ್ಮ ಪರೀಕ್ಷೆ ಪಾಸು ಮಾಡಿ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದರು. ಹಾಗೆ ಬಂದ ಮೊದಲ ಮಹಿಳೆ ಅವರೇ. ಮದುವೆಯಾದರೆ ರಾಜೀನಾಮೆ ಕೊಡುತ್ತೇನೆಂದು ಅವರಿಂದ ಮುಚ್ಚಳಿಕೆ ಬರೆಸಿಕೊಂಡರು. ವಿಜಯಲಕ್ಷ್ಮಿ ಪಂಡಿತರನ್ನು 1947ರಲ್ಲೇ ಮಾಸ್ಕೋಗೆ ರಾಯಭಾರಿಯಾಗಿ ಕಳಿಸಿದ್ದ ಸರಕಾರ ಇದು! ಪ್ರಧಾನಿಯ ತಂಗಿಗೆ ಒಂದು ನ್ಯಾಯ, ಪರೀಕ್ಷೆ ಬರೆದು ಬಂದ ಹುಡುಗಿಗೆ ಇನ್ನೊಂದು.

1961ರ ನಿಯಮ ನೋಡಿ. ಮಹಿಳಾ ಅಧಿಕಾರಿ ಮದುವೆಗೆ ಮುನ್ನ ಸರಕಾರದ ಲಿಖಿತ ಅನುಮತಿ ಪಡೆಯಬೇಕು. ಆಮೇಲೆ ಸಂಸಾರ ಕೆಲಸಕ್ಕೆ ಅಡ್ಡಿ ಎಂದು ಸರಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದು. ಗಂಡು ಅಧಿಕಾರಿಯ ಸಂಸಾರ ಮಾತ್ರ ಅಡ್ಡಿಯಲ್ಲ, ಆಸರೆ! ಪರದೇಶದ ಮಂತ್ರಿ ಊಟಕ್ಕೆ ಬಂದರೆ ಏನು ಬಡಿಸಬೇಕು, ಯಾರ ಪಕ್ಕ ಯಾರನ್ನು ಕೂರಿಸಬೇಕು, ಯಾರೆದುರು ಯಾವ ಮಾತು ಎತ್ತಬಾರದು, ಇದೆಲ್ಲ ಹೆಂಡತಿಯ ತಲೆಗೆ. ದುಡಿಮೆ ಇಬ್ಬರದು, ಸಂಬಳ ಒಬ್ಬರಿಗೆ. ಈ ಲೆಕ್ಕ ಗೊತ್ತಿದ್ದವರೇ ನಿಯಮ ಬರೆದರು ಎಂಬುದು ನನ್ನ ಗುಮಾನಿ. ಮಹಿಳಾ ರಾಯಭಾರಿಯ ಗಂಡ ಅತಿಥಿಗಳಿಗೆ ಪಾಯಸ ಬಡಿಸಿಯಾನು ಎಂಬ ನಂಬಿಕೆ ಅವರಿಗೆ ಹೇಗೆ ಬರಬೇಕು?

ಮುತ್ತಮ್ಮ ಮದುವೆಯಾಗಲಿಲ್ಲ. 1970ರಲ್ಲಿ ಹಂಗೇರಿಗೆ ರಾಯಭಾರಿಯಾದರು. ಅಷ್ಟಾದರೂ ಮೇಲಿನ ದರ್ಜೆಗೆ ಬಡ್ತಿ ಕೊಡುವಾಗ ಅರ್ಹತೆ ಸಾಲದು ಎಂದು ಬಿಟ್ಟರು. ಆಕೆ ಅಳುತ್ತ ಕೂರಲಿಲ್ಲ, ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಮೊಕದ್ದಮೆ ನಡೆಯುತ್ತಿರುವಾಗಲೇ ಬಡ್ತಿ ಬಂತು! ಇಷ್ಟು ಬೇಗ ಅರ್ಹತೆ ಎಲ್ಲಿಂದ ಉದುರಿತೋ. ಬಡ್ತಿ ಸಿಕ್ಕಿದ್ದರಿಂದ 1979ರಲ್ಲಿ ಅರ್ಜಿ ವಜಾ ಆಯಿತು. ಆದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಸರಕಾರವನ್ನು ಸುಮ್ಮನೆ ಬಿಡಲಿಲ್ಲ. ಸಂಸಾರದ ಹೊಣೆ ಹೆಣ್ಣಿಗೆ ಅಡ್ಡಿಯಾಗುವುದಾದರೆ ಗಂಡಿಗೂ ಆಗಬಹುದಲ್ಲ ಎಂದು ಕೇಳಿದರು. ಒಂದು ನಿಯಮವನ್ನು ತೆಗೆದಾಗಿದೆ, ಇನ್ನೊಂದನ್ನು ತೆಗೆಯುತ್ತಿದ್ದೇವೆ ಎಂದು ಸರಕಾರ ಒಪ್ಪಿಕೊಳ್ಳಬೇಕಾಯಿತು. ವಿದೇಶಾಂಗ ಕಾರ್ಯದರ್ಶಿಯ ಕುರ್ಚಿಯಲ್ಲಿ ಮೊದಲ ಮಹಿಳೆ ಚೋಕಿಲಾ ಅಯ್ಯರ್ ಕೂತದ್ದು 2001ರಲ್ಲಿ. ಮುತ್ತಮ್ಮ ಮುಚ್ಚಳಿಕೆ ಬರೆದುಕೊಟ್ಟು ಅಷ್ಟರಲ್ಲಿ ಅರ್ಧ ಶತಮಾನ ಕಳೆದಿತ್ತು.

ಅದೆಲ್ಲ ಹಳೆಯ ಕಥೆ ಎನ್ನುತ್ತೀರಾ? ಹೋದ ವರ್ಷ ನನ್ನ ತಂಗಿಯ ಮಗಳು ಒಂದು ಕೆಲಸದ ಸಂದರ್ಶನಕ್ಕೆ ಹೋಗಿದ್ದಳು. ಅಂಕಪಟ್ಟಿ ತಿರುವಿ ಹಾಕಿದವರು ಕೇಳಿದ ಮೊದಲ ಪ್ರಶ್ನೆ, "ಮದುವೆ ಯಾವಾಗಮ್ಮ?" ಅವಳ ಹಿಂದೆಯೇ ಒಳಗೆ ಹೋದ ಹುಡುಗನಿಗೆ ಆ ಪ್ರಶ್ನೆ ಬರಲಿಲ್ಲವಂತೆ.