ಬ್ಯಾಗು ಬಂತು, ದಾರಿ ಹೇಳೋರು ಬರಲಿ!

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ಈ ನಾಲ್ಕು ತಾಲ್ಲೂಕು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಹೆಸರೇನೋ ದೊಡ್ಡದು. ಆದರೆ ಹತ್ತನೇ ತರಗತಿ ಪಾಸಾದ ಕೂಲಿಯವನ ಮಗಳಿಗೆ 'ಮುಂದೆ ಏನು ಓದಬೇಕು' ಅಂತ ಕೂರಿಸಿ ಹೇಳೋರು ಎಷ್ಟು ಮಂದಿ ಇದ್ದಾರೆ? 2002ರಲ್ಲಿ ನಂಜುಂಡಪ್ಪ ಸಮಿತಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ ಈ ನಾಲ್ಕೂ ಇದ್ದವು.

ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ರೂಪಾಯಿ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು ಅನ್ನುತ್ತೆ 2013ರ ಕಂಪನಿ ಕಾಯ್ದೆ. ತಾವು ಕೆಲಸ ನಡೆಸುವ ಊರಿನ ಸುತ್ತಮುತ್ತಲಿಗೇ ಆದ್ಯತೆ ಕೊಡಿ ಅಂತಲೂ ಅದೇ ಕಾಯ್ದೆ ಹೇಳುತ್ತೆ. ಪಾವಗಡದ ತಿರುಮಣಿ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸೋಲಾರ್ ಪಾರ್ಕ್ ಇದೆ. ಇತ್ತ ವಸಂತನರಸಾಪುರದಲ್ಲಿ ಕಾರ್ಖಾನೆಗಳಿವೆ. ಬ್ಯಾಗು, ಬೆಂಚು, ಗೋಡೆಗೆ ಬಣ್ಣ ಬೇಡ ಅನ್ನೋದಿಲ್ಲ. ನಮಗೆ ಅದಕ್ಕಿಂತ ಹೆಚ್ಚಾಗಿ ಬೇಕಾಗಿರೋದು ಕಂಪನಿಯ ನೌಕರರು, ಅವರ ಸಮಯ.

ಯಾಕೆ ಅಂತೀರಾ? ಸಿಇಟಿಯಲ್ಲಿ ಹಳ್ಳಿ ಮಕ್ಕಳಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು ಇದೆ. ಆದರೆ ಒಂದರಿಂದ ಹತ್ತರವರೆಗೆ ಓದಿದ ದಾಖಲೆ ಸಕಾಲಕ್ಕೆ ಕೈಯಲ್ಲಿರಬೇಕು. ಇಲ್ಲದಿದ್ದರೆ ಹಕ್ಕಿನ ಸೀಟೂ ಇಲ್ಲ. ಇದನ್ನು ಓದು ಬಾರದ ಅಪ್ಪ ಅಮ್ಮ ಹೇಳೋಕಾಗುತ್ತಾ? ಪಾವಗಡದ ಕಡೆ ಎಷ್ಟೋ ಮಕ್ಕಳಿಗೆ ಮನೇಲಿ ತೆಲುಗು, ಸ್ಕೂಲಲ್ಲಿ ಕನ್ನಡ, ಕಾಲೇಜಿಗೆ ಹೋದರೆ ಇಂಗ್ಲಿಷು. ಮೊದಲ ವರ್ಷವೇ ಎದೆ ಒಡೆದು ಹೋಗುತ್ತೆ.

ಇದನ್ನು ಬರೀತಿರೋನೂ ಪಿಯುಸಿ ಅರ್ಧಕ್ಕೆ ಬಿಟ್ಟವನೇ ಸ್ವಾಮಿ. ಸೈನ್ಸ್ ತಲೆಗೆ ಹತ್ತದಿದ್ದರೆ ಆರ್ಟ್ಸಿಗೆ ಬದಲಾಯಿಸಿಕೋ ಅಂತ ಒಬ್ಬರು ಹೇಳಿದ್ದರೆ ಸಾಕಿತ್ತು. ಫೀಸಿಗೆ ಅಪ್ಪ ಸಾಲ ತಂದಿದ್ದರು. ಆ ಒಂದು ಮಾತು ಎಲ್ಲೂ ಸಿಗಲಿಲ್ಲ.

ದಾರಿ ಇಲ್ಲದೇನಿಲ್ಲ. 2009ರಲ್ಲಿ ಬೆಂಗಳೂರಲ್ಲಿ ಶುರುವಾದ 'ಮೆಂಟರ್ ಟುಗೆದರ್' ಸಂಸ್ಥೆ ಬಡ ವಿದ್ಯಾರ್ಥಿಗೆ ಉದ್ಯೋಗದಲ್ಲಿರುವ ಒಬ್ಬರನ್ನು ಜೊತೆ ಮಾಡಿಕೊಡುತ್ತೆ. ಅದೇ ಪದ್ಧತಿ ಇಲ್ಲಿಗೂ ಬರಲಿ. ಆದರೆ ಫೋಟೋ ತೆಗೆಸಿಕೊಂಡು ಹೋಗೋ ಒಂದು ದಿನದ ಶಿಬಿರ ಬೇಡ. ಒಬ್ಬ ವಿದ್ಯಾರ್ಥಿಗೆ ಒಬ್ಬರು, ಹತ್ತನೇ ತರಗತಿಯಿಂದ ಡಿಗ್ರಿ ಮೊದಲ ವರ್ಷದವರೆಗೆ. ವಾರಕ್ಕೊಂದು ಫೋನು, ಆಗಾಗ ಭೇಟಿ, ಮಕ್ಕಳಿಗೆ ಅರ್ಥವಾಗೋ ಭಾಷೆಯಲ್ಲಿ ಮಾತು. ತಂದೆ ತಾಯಿಗೂ ಮೇಷ್ಟ್ರಿಗೂ ಎಲ್ಲ ಗೊತ್ತಿರಬೇಕು.

ಇದೇ ನಾಲ್ಕು ತಾಲ್ಲೂಕಿನಿಂದ ಹೋಗಿ ಬೆಂಗಳೂರಿನ ಕಂಪನಿಗಳಲ್ಲಿ ಕೆಲಸದಲ್ಲಿರೋ ಅಣ್ಣಂದಿರೇ, ಅಕ್ಕಂದಿರೇ, ಮೊದಲ ಹೆಸರು ನಿಮ್ಮದಿರಲಿ. ಬಸ್ಸು ಹತ್ತಿಸಿ ಕಳಿಸಿದ ಊರು ಇದು. ಉಪನಿರ್ದೇಶಕರ ಕಚೇರಿ ಮಧುಗಿರಿಯಲ್ಲೇ ಇದೆ. ಮಾರ್ಗದರ್ಶನ ಬೇಕಾದ ಮಕ್ಕಳ ಪಟ್ಟಿ ಅಲ್ಲಿ ತಯಾರಾಗಲಿ, ಕಂಪನಿಗಳಿಗೆ ಕಾಗದ ಹೋಗಲಿ. ಮುಂದಿನ ಫಲಿತಾಂಶ ಬರೋ ಹೊತ್ತಿಗೆ ಆ ಮಕ್ಕಳ ಪಕ್ಕದಲ್ಲಿ ಒಬ್ಬರಾದರೂ ನಿಂತಿರಬೇಕು.