ಸೈಟ್ ತೆರೆಯೋ ಹೊತ್ತಿಗೆ ಗಿರಾಕಿ ಹೋಗಿರ್ತಾರೆ

ಫ್ಲಶಿಂಗ್‌ನಲ್ಲಿ ಕೇಟರಿಂಗ್, ಬ್ಲೌಸ್ ಹೊಲಿಗೆ ಅಂತ ಸಣ್ಣ ವ್ಯಾಪಾರ ಇಟ್ಟುಕೊಂಡವರು ನಮ್ಮಲ್ಲಿದ್ದಾರೆ. ಗಿರಾಕಿ ನಮ್ಮ ವೆಬ್‌ಸೈಟ್ ನೋಡೋದು ಫೋನ್‌ನಲ್ಲಿ, ಮೇನ್ ಸ್ಟ್ರೀಟ್‌ನಲ್ಲಿ 7 ನಂಬರ್ ರೈಲು ಹತ್ತುವ ಅವಸರದಲ್ಲಿ. ಪುಟ ತೆರೆಯದಿದ್ದರೆ ಇನ್ನೊಬ್ಬರನ್ನು ಹುಡುಕ್ತಾರೆ. ಗಣೇಶನ ಹಬ್ಬದ ಆರ್ಡರ್ ಕೈತಪ್ಪಿದ್ದು ನಮಗೆ ಗೊತ್ತೂ ಆಗೋಲ್ಲ.

ಹೆಚ್ಚಾಗಿ ಇದು ಫೋಟೊಗಳ ಭಾರ. ಎಲೆಯೂಟದ ಚಿತ್ರವನ್ನು ಫೋನ್‌ನಿಂದ ಹಾಗೇ ಏರಿಸಿದರೆ ಒಂದೊಂದೂ ನಾಲ್ಕೈದು ಎಂಬಿ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಮಾಡಿದರೆ ಸಾಮಾನ್ಯವಾಗಿ ಇನ್ನೂರು ಕೆಬಿ ಆಸುಪಾಸಿಗೆ ಬರುತ್ತೆ. ಹೋಳಿಗೆ ಹೋಳಿಗೆಯಂತೆಯೇ ಕಾಣುತ್ತೆ. ಗೂಗಲ್‌ನ ಸ್ಕ್ವೂಶ್‌ನಲ್ಲಿ ಇದನ್ನು ಪುಕ್ಕಟೆ ಮಾಡಬಹುದು. ಕೆಳಗಿನ ಚಿತ್ರಗಳಿಗೆ ಲೇಜಿ ಲೋಡಿಂಗ್ ಹಾಕಿ, ಮೊದಲನೆಯದಕ್ಕೆ ಬೇಡ.

ಅಗ್ಗ ಅಂತ ಸೈಟನ್ನು ಊರಿನ ಸರ್ವರ್‌ನಲ್ಲಿ ಇಟ್ಟಿದ್ದರೆ ಪುಟ ಸಮುದ್ರ ದಾಟಿ ಬರಬೇಕು. ಸಿಡಿಎನ್ ಸೇರಿಸಿದರೆ ಚಿತ್ರಗಳ ನಕಲು ಇಲ್ಲೇ ಹತ್ತಿರದಲ್ಲಿರುತ್ತೆ. ಕ್ಲೌಡ್‌ಫ್ಲೇರ್‌ನಲ್ಲಿ ಉಚಿತ ಪ್ಲಾನ್ ಇದೆ.

ಆಮೇಲೆ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ವಿಳಾಸ ಹಾಕಿ ಮೊಬೈಲ್ ಫಲಿತಾಂಶ ನೋಡಿ. ಎಲ್‌ಸಿಪಿ 2.5 ಸೆಕೆಂಡಿನೊಳಗಿದ್ದರೆ ಸಾಕು. ನೂರಕ್ಕೆ ನೂರು ತೆಗೆಯೋಕೆ ಇದೇನು ಎಸ್ಸೆಸ್ಸೆಲ್ಸಿ ಅಲ್ಲ. ಫೋನ್ ನಂಬರನ್ನು ಮಾತ್ರ ಚಿತ್ರದೊಳಗೆ ಇಡಬೇಡಿ, ಅಕ್ಷರದಲ್ಲೇ ಹಾಕಿ. ಫೋಟೊ ಬರೋ ಮೊದಲೇ ಕರೆ ಮಾಡಬಹುದು.