ಮಗಳು ಮೈದಾನಕ್ಕಿಳಿಯುವ ಮುನ್ನ



ಬೇಸಿಗೆ ರಜೆ ಮುಗಿದು ಕಾಲೇಜು ಶುರುವಾದರೆ ಸಾಕು, ಚಾಮರಾಜನಗರ, ಗುಂಡ್ಲುಪೇಟೆಗಳಲ್ಲಿ ಬೆಳಗಿನ ಬಸ್ಸು ಹಿಡಿಯುವ ಹುಡುಗಿಯರ ಚೀಲಕ್ಕೆ ಪುಸ್ತಕದ ಜೊತೆ ಷೂ ಕೂಡ ಸೇರುತ್ತದೆ. ಖೋಖೋ, ಕಬಡ್ಡಿ, ವಾಲಿಬಾಲ್, ಓಟ. ಅಂತರ ಕಾಲೇಜು ಪಂದ್ಯಗಳು, ದಸರಾ ಕ್ರೀಡಾಕೂಟ ಎಂದು ಒಂದರ ಹಿಂದೆ ಒಂದು ಬರುತ್ತವೆ. "ಹೆಣ್ಣುಮಕ್ಕಳಿಗೆ ಯಾಕವ್ವ ಈ ಓಟ, ನೆಗೆತ?" ಎನ್ನುತ್ತಿದ್ದವರ ದನಿ ಈಗ ಅಷ್ಟು ಜೋರಾಗಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋಖೋ ವಿಶ್ವಕಪ್ಪನ್ನು ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮ ಪಕ್ಕದ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರಲ್ಲ!

ಪಂದ್ಯಗಳಿಗೆ ಮುಂಚೆ ತಂಡದ ಮಕ್ಕಳಿಗೆ ಒಂದು ಪರೀಕ್ಷೆ ನಡೆಸುವುದು ಒಳ್ಳೆಯ ಪದ್ಧತಿ. ತೂಕ, ರಕ್ತದೊತ್ತಡ ನೋಡುತ್ತಾರೆ. ಹನ್ನೆರಡು ನಿಮಿಷ ಓಡಿಸಿ ದಮ್ಮು ಎಷ್ಟಿದೆ ಅಂತ ಅಳೆಯುತ್ತಾರೆ. ಒಂದೇ ಕಾಲಲ್ಲಿ ಕುಪ್ಪಳಿಸಲು, ಕುಕ್ಕರುಗಾಲಲ್ಲಿ ಕೂತು ಏಳಲು, ಕಾಲು ಚಾಚಿ ಬೆರಳು ಮುಟ್ಟಲು ಹೇಳುತ್ತಾರೆ. ಇದನ್ನು ಕೇಳಿದ ಕೂಡಲೇ ತಾಯಂದಿರ ಮನಸ್ಸಿಗೆ ಬರುವ ಪ್ರಶ್ನೆ ಒಂದೇ: "ಪರೀಕ್ಷೇಲಿ ಪಾಸಾದರೆ ನನ್ನ ಮಗಳ ಕೈಕಾಲಿಗೆ ಏನೂ ಆಗಲ್ಲ ತಾನೆ?"

ಹಾಗಂತ ಯಾರೂ ಹೇಳಲಾರರು. ಏಳು ಬಗೆಯ ಚಲನೆ ಮಾಡಿಸಿ 21 ಅಂಕಗಳಿಗೆ ಅಳೆಯುವ ಪರೀಕ್ಷೆಯೊಂದಿದೆ. 14 ಅಥವಾ ಅದಕ್ಕಿಂತ ಕಡಿಮೆ ಬಂದವರಿಗೆ ಗಾಯದ ಸಂಭವ ಹೆಚ್ಚೆಂದು 2007ರಲ್ಲಿ ಅಮೆರಿಕದ ಆಟಗಾರರನ್ನು ನೋಡಿ ಬರೆದರು. ಆಮೇಲೆ ಬೇರೆ ಬೇರೆ ಕಡೆ ಪರಿಶೀಲಿಸಿದಾಗ ಆ ಲೆಕ್ಕ ನಿಲ್ಲಲಿಲ್ಲ. ಕಡಿಮೆ ಅಂಕದವರು ಎಷ್ಟೋ ಜನ ವರ್ಷವಿಡೀ ಸುಖವಾಗಿ ಆಡಿದರು, ಹೆಚ್ಚು ಅಂಕದವರು ಎಷ್ಟೋ ಜನ ಬಿದ್ದರು. ಯಾರಿಗೆ ಗಾಯವಾಗುತ್ತದೆಂದು ಇಂಥ ಪರೀಕ್ಷೆಗಳು ಮೊದಲೇ ಹೇಳಲಾರವು ಎಂದು ನಾರ್ವೆಯ ಕ್ರೀಡಾವೈದ್ಯ ರೋಆಲ್ಡ್ ಬಾರ್ 2016ರಲ್ಲಿ ಖಂಡಿತವಾಗಿ ಬರೆದರು. ನಾವು ತೆಂಗಿನಕಾಯಿ ಅಲ್ಲಾಡಿಸಿ, ತಟ್ಟಿ ನೋಡಿಯೇ ತರುತ್ತೇವೆ. ಆದರೂ ಒಡೆದಾಗ ಒಂದೊಂದು ಕೊಳೆತಿರುವುದಿಲ್ಲವೆ? ಹಾಗೆಯೇ ಇದು.

ಹಾಗಾದರೆ ಪರೀಕ್ಷೆ ದಂಡವೆ? ಅಲ್ಲ. ಅದರ ನಿಜವಾದ ಬೆಲೆ ಓಟ ನೆಗೆತಕ್ಕಿಂತ ವೈದ್ಯರು ಕೇಳುವ ಪ್ರಶ್ನೆಗಳಲ್ಲಿದೆ. ಆ ಪ್ರಶ್ನೆಗಳಿಗೆ ಸರಿಯಾದ ಉತ್ತರ ಮಗಳಿಗಿಂತ ನಿಮಗೇ ಚೆನ್ನಾಗಿ ಗೊತ್ತು.

ಮೊದಲನೆಯದು, ಹಳೆಯ ಗಾಯ. ಮುಂದೆ ಗಾಯವಾದೀತೆಂದು ತಿಳಿಸುವ ಗುರುತುಗಳಲ್ಲಿ ಇದಕ್ಕಿಂತ ನಂಬಿಕೆಯದು ಇನ್ನೊಂದಿಲ್ಲ. ಹೋದ ವರ್ಷ ಉಳುಕಿದ ಪಾದ, ಊದಿದ ಮಂಡಿ ಪೂರ್ತಿ ವಾಸಿಯಾಗದೆ ಆಟಕ್ಕಿಳಿದರೆ ಅದೇ ಜಾಗ ಮತ್ತೆ ಕೈಕೊಡುತ್ತದೆ. ಆದರೆ ಮಕ್ಕಳು ಹೇಳುವುದಿಲ್ಲ. ತಂಡದಿಂದ ಕೈಬಿಟ್ಟಾರೆಂಬ ಭಯ ಅವಕ್ಕೆ. "ಏನೂ ಆಗಿಲ್ಲ ಕಣವ್ವ, ಸರಿಹೋಯ್ತು" ಎಂದು ನಿಮ್ಮ ಬಾಯನ್ನೂ ಮುಚ್ಚಿಸುತ್ತಾರೆ. ಮೆಟ್ಟಿಲು ಇಳಿಯುವಾಗ ಅವಳು ಗೋಡೆ ಹಿಡಿಯುವುದು ನಿಮ್ಮ ಕಣ್ಣಿಗೆ ಬೀಳುತ್ತದಲ್ಲ, ಅದನ್ನು ಒಂದು ಚೀಟಿಯಲ್ಲಿ ಬರೆದು ಕಳಿಸಿ.

ಎರಡನೆಯದು, ಹೃದಯ. ಓಡುವಾಗ ಎದೆನೋವು ಬಂದಿತ್ತೆ? ತಲೆಸುತ್ತಿ ಬಿದ್ದಿದ್ದಳೆ? ನಿಮ್ಮ ಮನೆಯಲ್ಲಾಗಲಿ ಯಜಮಾನರ ಕಡೆಯಲ್ಲಾಗಲಿ 50 ವರ್ಷ ತುಂಬುವ ಮುಂಚೆ ಯಾರಾದರೂ ಹೃದಯದ ತೊಂದರೆಯಿಂದ ಹಠಾತ್ತಾಗಿ ತೀರಿಕೊಂಡಿದ್ದಾರೆಯೆ? ಇದ್ದರೆ ಮುಚ್ಚಿಡಬೇಡಿ. "ಹೇಳಿದರೆ ನಾಳೆ ಸಂಬಂಧ ಕೂಡಿಬರಲ್ಲ" ಎಂಬ ಅಂಜಿಕೆ ನನಗೂ ಅರ್ಥವಾಗುತ್ತದೆ. ಆದರೆ ಮಗಳ ಜೀವ ಮೊದಲು. ಗುಂಡ್ಲುಪೇಟೆಯಲ್ಲಿ ತಾಲ್ಲೂಕು ಆಸ್ಪತ್ರೆ ಇದೆ. ಚಾಮರಾಜನಗರದಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜೇ ಇದೆ. ವೈದ್ಯರಿಗೆ ತೋರಿಸಿದ ಮೇಲೆಯೇ ಓಡಲಿ.

ಮೂರನೆಯದು, ರಕ್ತ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ಹುಡುಗಿ ಬೇಗ ಸುಸ್ತಾಗುತ್ತಾಳೆ. ಸುಸ್ತಾದ ಕಾಲು ತಪ್ಪು ಹೆಜ್ಜೆ ಇಡುತ್ತದೆ. ಬಿಳಿಗಿರಿರಂಗನ ಬೆಟ್ಟದ ಕಡೆಯ ಸೋಲಿಗರ ಮನೆಯವರು ಸಿಕಲ್ ಸೆಲ್, ಅಂದರೆ ಕುಡುಗೋಲು ಆಕಾರದ ರಕ್ತಕಣದ ಪರೀಕ್ಷೆಯನ್ನೂ ಮಾಡಿಸಿಕೊಳ್ಳುವುದು ಒಳ್ಳೆಯದು. ತಂದೆತಾಯಿಯರಲ್ಲಿ ಒಬ್ಬರಿಂದ ಮಾತ್ರ ಅದು ಬಂದಿದ್ದರೆ ಆಟ ಬಿಡಬೇಕಾಗಿಲ್ಲ. ನೀರು ಚೆನ್ನಾಗಿ ಕುಡಿದು, ನಡುನಡುವೆ ಸುಧಾರಿಸಿಕೊಂಡು ಆಡಿದರಾಯಿತು. ಆದರೆ ಅದು ತರಬೇತಿ ಕೊಡುವವರಿಗೆ ಗೊತ್ತಿರಬೇಕು.

ನಾಲ್ಕನೆಯದು, ಮುಟ್ಟು. ಕಷ್ಟದ ಅಭ್ಯಾಸ, ಅರೆಹೊಟ್ಟೆ ಎರಡೂ ಸೇರಿದರೆ ಮುಟ್ಟು ನಿಂತುಹೋಗುವುದುಂಟು. "ಆಟ ಆಡೋ ಹುಡುಗಿ, ಹಾಗೇ ಇರುತ್ತೆ" ಎಂದು ಬಿಟ್ಟುಬಿಡಬೇಡಿ. ಮೂಳೆ ಬಲ ಕಳೆದುಕೊಂಡು ಕಾಲಿನಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಮೂರು ತಿಂಗಳು ಬರದಿದ್ದರೆ ವೈದ್ಯರಿಗೆ ತೋರಿಸಿ.

ಇನ್ನು ಗಾಯ ತಡೆಯುವ ವಿಚಾರ. ರಜೆಯಲ್ಲಿ ಎರಡು ತಿಂಗಳು ಮದುವೆ, ಜಾತ್ರೆ, ಅಜ್ಜಿ ಮನೆ ಅಂತ ಕಳೆದವಳು ಪಂದ್ಯಕ್ಕೆ ಹತ್ತು ದಿನವಿದೆ ಎನ್ನುವಾಗ ದಿನಕ್ಕೆ ಮೂರು ಗಂಟೆ ಓಡಿದರೆ ಮೈ ತಡೆಯುವುದಿಲ್ಲ. ಒಂದೂವರೆ ತಿಂಗಳ ಮುಂಚೆಯೇ ಸ್ವಲ್ಪ ಸ್ವಲ್ಪವಾಗಿ ಏರಿಸಬೇಕು. ಗಕ್ಕನೆ ತಿರುಗುವ, ನೆಗೆಯುವ ಆಟಗಳಲ್ಲಿ ಮಂಡಿಯೊಳಗಿನ ಕಟ್ಟು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಎರಡು ಪಟ್ಟಿಗೂ ಹೆಚ್ಚು. ನಾರ್ವೆಯಲ್ಲಿ ಸುಮಾರು 1,900 ಫುಟ್‌ಬಾಲ್ ಹುಡುಗಿಯರ ಮೇಲೆ ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಆಟಕ್ಕೆ ಮುಂಚೆ 20 ನಿಮಿಷ ಮೈ ಬಿಸಿ ಮಾಡುವ ಓಟ, ತೊಡೆಗೆ ಬಲ ಕೊಡುವ ವ್ಯಾಯಾಮ, ಒಂಟಿಕಾಲಿನ ಸಮತೋಲ, ನೆಗೆದು ಮಂಡಿ ಒಳಕ್ಕೆ ಬಾಗದಂತೆ ಇಳಿಯುವುದು, ಇಷ್ಟನ್ನು ಮಾಡಿದವರಲ್ಲಿ ಗಾಯಗಳು ಮೂರನೇ ಒಂದು ಪಾಲು ಕಡಿಮೆಯಾದವು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದವರು, ಕಡಿಮೆ ಬಂದವರು ಎನ್ನದೆ ಎಲ್ಲರೂ ಮಾಡಬೇಕಾದದ್ದು ಇದು. ಕಾಸಿನ ಖರ್ಚಿಲ್ಲ.

ಇಷ್ಟಾದರೂ ಬಿದ್ದಳೆನ್ನಿ. ಅರಿಶಿನ ಬೆಳೆಯುವ ಸೀಮೆಯವರು ನಾವು, ಪಟ್ಟು ಹಾಕಲು ಕೈ ಮುಂದಾಗುತ್ತದೆ. ಪಟ್ಟಿನಿಂದ ಅಂಥ ಕೇಡಿಲ್ಲ, ಉಳುಕು ತೆಗೆಯುತ್ತೇವೆಂದು ನೀವಿ ಎಳೆಯುವುದರಿಂದ ಕೇಡಿದೆ. ಮೊದಲ ಎರಡು ದಿನ ನೀವುವುದಾಗಲಿ ಬಿಸಿ ಶಾಖವಾಗಲಿ ಬೇಡ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ಕ್ರೇಪ್ ಬ್ಯಾಂಡೇಜು ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಿಸಿ. ಮಂಡಿಯಲ್ಲಿ ಪಟ್ಟೆಂದು ಸದ್ದಾಗಿ ಕೆಲವೇ ಗಂಟೆಯಲ್ಲಿ ಊದಿಕೊಂಡರೆ, ಕಾಲೂರಲು ಆಗದಿದ್ದರೆ, ತಡಮಾಡದೆ ಮೂಳೆ ವೈದ್ಯರ ಬಳಿ ಹೋಗಿ. ಕಟ್ಟಿನ ಶಸ್ತ್ರಚಿಕಿತ್ಸೆಯಾದರೆ ಒಂಬತ್ತು ತಿಂಗಳೊಳಗೆ ಪಂದ್ಯದ ಮಾತೇ ಬೇಡ.

ಅಡಿಗೆಮನೆಯ ಮಾತೂ ಇದೆ. ಮೊದಲ ಬಸ್ಸಿಗೆಂದು ಖಾಲಿ ಹೊಟ್ಟೆಯಲ್ಲಿ ಓಡುವ ಹುಡುಗಿಗೆ ಹಿಂದಿನ ರಾತ್ರಿಯೇ ರಾಗಿ ಹುರಿಹಿಟ್ಟು, ಬೆಲ್ಲ, ಕಾಯಿತುರಿ ಕಲಸಿ ಉಂಡೆ ಕಟ್ಟಿಡಿ, ಜೊತೆಗೊಂದು ಬಾಳೆಹಣ್ಣು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂನಷ್ಟು ಸುಣ್ಣದಂಶವಿದೆ. ಹುರುಳಿ ಸಾರಿಗೂ ಸೊಪ್ಪಿನ ಪಲ್ಯಕ್ಕೂ ನಿಂಬೆಹುಳಿ ಹಿಂಡಿದರೆ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ, ಟೀ ಕೊಡಬೇಡಿ. ಅಭ್ಯಾಸ ಮುಗಿಸಿ ಬಂದವಳ ಕೈಗೆ ಕೂಡಲೇ ಕೊಡ ಕೊಟ್ಟು ನೀರಿಗೆ ಕಳಿಸಬೇಡಿ. ಅಣ್ಣನಿಗೆ ಸಿಗುವ ವಿಶ್ರಾಂತಿ ಅವಳಿಗೂ ಸಿಗಲಿ.

ಕಡೆಯದಾಗಿ ಒಂದು ಮಾತು. ಪರೀಕ್ಷೆಯಲ್ಲಿ ಕಡಿಮೆ ಬಂತೆಂದು ಮಗಳನ್ನು ಮನೆಯಲ್ಲಿ ಕೂರಿಸಿಬಿಡಬೇಡಿ. ಹುಡುಗನಿಗೆ ಕಡಿಮೆ ಬಂದರೆ "ಇನ್ನಷ್ಟು ಅಭ್ಯಾಸ ಮಾಡೋ" ಅನ್ನುತ್ತೇವೆ, ಹುಡುಗಿಗೆ ಬಂದರೆ "ಸಾಕು ಬಿಡು" ಅನ್ನುತ್ತೇವೆ. ಎಲ್ಲಿ ಬಲ ಕಡಿಮೆ, ಎಲ್ಲಿ ಚಿಕಿತ್ಸೆ ಬೇಕು ಎಂದು ತಿಳಿಯಲು ಪರೀಕ್ಷೆ ಇರುವುದು. ಅಷ್ಟನ್ನು ಸರಿಪಡಿಸಿ, ಮತ್ತೆ ಮೈದಾನಕ್ಕೆ ಕಳಿಸಿ. ಏನಂತೀರಿ?